ಫೆಬ್ರವರಿ ಎಲ್ಲ ಕಡೆ ಒಂದೇ ಅಲ್ಲ: ಮಲೆನಾಡಿನ ಚಳಿಗಾಲದ ಕೊನೆಯನ್ನು ಅಳೆಯುವುದು ಹೇಗೆ?

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ ಎನ್ನುವ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಶಿವರಾತ್ರಿಯೇ ಒಂದು ಕಡೆ ನಿಲ್ಲುವುದಿಲ್ಲ. 2023ರಲ್ಲಿ ಫೆಬ್ರವರಿ 18ಕ್ಕೆ ಬಂತು. 2024ರಲ್ಲಿ ಮಾರ್ಚ್ 8ಕ್ಕೆ, 2025ರಲ್ಲಿ ಫೆಬ್ರವರಿ 26ಕ್ಕೆ, 2026ರಲ್ಲಿ ಫೆಬ್ರವರಿ 15ಕ್ಕೆ. ಹೆಚ್ಚುಕಡಿಮೆ ಮೂರು ವಾರ ಹಿಂದೆಮುಂದೆ ಆಗುತ್ತದೆ. ಚಳಿ ಪಂಚಾಂಗ ನೋಡಿಕೊಂಡು ಹೋಗುವುದಿಲ್ಲ, ಬಿಡಿ. ಆದರೂ ಆ ಮೂರು ವಾರದೊಳಗೇ ನಮ್ಮ ಹವೆ ಮಗ್ಗುಲು ಬದಲಿಸುತ್ತದೆ ಎಂಬುದು ಮಾತ್ರ ನಿಜ. ಹಾಗಾಗಿ ಗಾದೆ ಪೂರ್ತಿ ಸುಳ್ಳೂ ಅಲ್ಲ.

ಈಗ ಇನ್ನೊಂದು ಕಡೆಯ ಲೆಕ್ಕ ನೋಡೋಣ. ದೇಶದ ಹವಾಮಾನ ಇಲಾಖೆಯ ದಾಖಲೆ 1901ರಿಂದ ಇದೆ. ಅದರ ಪ್ರಕಾರ 2023ರ ಫೆಬ್ರವರಿಯಲ್ಲಿ ದೇಶದ ಹಗಲಿನ ಗರಿಷ್ಠ ಉಷ್ಣಾಂಶದ ಸರಾಸರಿ 29.5 ಡಿಗ್ರಿ ಮುಟ್ಟಿತು. ಅಲ್ಲಿಯವರೆಗಿನ ಯಾವ ಫೆಬ್ರವರಿಯಲ್ಲೂ ಅಷ್ಟು ಆಗಿರಲಿಲ್ಲ. 2025ರಲ್ಲಿ ಹಗಲು ರಾತ್ರಿ ಸೇರಿಸಿದ ಸರಾಸರಿ 22 ಡಿಗ್ರಿ ದಾಟಿ ಇನ್ನೊಂದು ದಾಖಲೆಯಾಯಿತು. ಪತ್ರಿಕೆಯಲ್ಲಿ ಇದನ್ನು ಓದಿದ ತೀರ್ಥಹಳ್ಳಿಯವರೋ ಕೊಪ್ಪದವರೋ ಏನು ಹೇಳುತ್ತಾರೆ? ‘ನಮ್ಮಲ್ಲಿ ಬೆಳಗಿನ ಜಾವ ಇನ್ನೂ ಕಂಬಳಿ ಬೇಕಲ್ಲ ಮಾರಾಯ್ರೆ!’ ಅದೂ ನಿಜವೇ. ದೇಶದ ಸರಾಸರಿ ಅಂದರೆ ಕಾಶ್ಮೀರದ ಹಿಮ, ಪಂಜಾಬಿನ ಗೋಧಿ ಹೊಲ, ಕಾರವಾರದ ಕಡಲ ತೀರ ಎಲ್ಲ ಸೇರಿಸಿ ಭಾಗಿಸಿದ್ದು. ಅದರಲ್ಲಿ ನಮ್ಮ ಊರು ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ.

ಹಾಗಾದರೆ ನಮ್ಮ ಫೆಬ್ರವರಿಯನ್ನು ಬೇರೆ ಊರಿನ ಫೆಬ್ರವರಿ ಜೊತೆ ಹೋಲಿಸುವುದು ಹೇಗೆ? ಎಲ್ಲಿ ಎಷ್ಟು ಡಿಗ್ರಿ ಎಂದು ಪಟ್ಟಿ ಮಾಡುವುದು ಸುಲಭ. ಆದರೆ ಆ ಪಟ್ಟಿಯಿಂದ ಮಲೆನಾಡಿನವರಿಗೆ ಹೆಚ್ಚು ಉಪಯೋಗವಿಲ್ಲ ಅನ್ನುವುದು ನನ್ನ ವಾದ. ಇಲ್ಲಿ ಈ ತಿಂಗಳನ್ನು ಆಳುವುದು ಪಸೆ. ನೆಲದಲ್ಲಿ, ಎಲೆಯಲ್ಲಿ, ಗಾಳಿಯಲ್ಲಿ ಎಷ್ಟು ಪಸೆ ಉಳಿದಿದೆ, ಅದು ಎಷ್ಟು ಬೇಗ ಹೋಗುತ್ತಿದೆ ಎಂಬುದು.

ಮೊದಲು ಬಿಸಿಲಿನ ವಿಷಯ ಮುಗಿಸಿಬಿಡೋಣ. ಫೆಬ್ರವರಿ 20ರ ಹೊತ್ತಿಗೆ ನಡುಮಧ್ಯಾಹ್ನ ಶಿವಮೊಗ್ಗದಲ್ಲಿ ಸೂರ್ಯ ಸುಮಾರು 65 ಡಿಗ್ರಿ ಎತ್ತರದಲ್ಲಿರುತ್ತಾನೆ. ದೆಹಲಿಯಲ್ಲಿ 50 ಡಿಗ್ರಿ ಅಷ್ಟೆ. ಅದೇ ಸೂರ್ಯ, ಅದೇ ದಿನ. ಆದರೆ ಅಲ್ಲಿ ಬಿಸಿಲು ಓರೆಯಾಗಿ ಬಿದ್ದು ಹರಡಿಕೊಳ್ಳುತ್ತದೆ, ಇಲ್ಲಿ ಹೆಚ್ಚು ನೆಟ್ಟಗೆ ಬೀಳುತ್ತದೆ. ಏಪ್ರಿಲ್ ಕೊನೆಗೆ ನಮ್ಮ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ. ಉತ್ತರದವರಿಗೆ ಆ ಭಾಗ್ಯ ಇಲ್ಲವೇ ಇಲ್ಲ. ಅದಕ್ಕೇ ಅಲ್ಲಿ ಫೆಬ್ರವರಿ ಇನ್ನೂ ಚಳಿಗಾಲದ ಬಾಲ, ನಮಗೆ ಬೇಸಿಗೆಯ ಹೊಸ್ತಿಲು.

ಉತ್ತರ ಭಾರತದ ಈ ತಿಂಗಳನ್ನು ನಿರ್ಧರಿಸುವುದು ಪಶ್ಚಿಮದಿಂದ ಬರುವ ಮಾರುತಗಳು. ಮೆಡಿಟರೇನಿಯನ್ ಕಡೆ ಹುಟ್ಟಿ, ಇರಾನ್, ಅಫ್ಗಾನಿಸ್ತಾನ ದಾಟಿ ಬರುವ ಈ ಅಲೆಗಳು ಹಿಮಾಲಯದಲ್ಲಿ ಹಿಮ ಸುರಿಸುತ್ತವೆ, ಬಯಲಿನಲ್ಲಿ ಸಣ್ಣ ಮಳೆ ತರುತ್ತವೆ. ಅವು ಹಾದುಹೋದ ಬೆನ್ನಿಗೆ ಉತ್ತರದ ತಣ್ಣನೆ ಗಾಳಿ ನುಗ್ಗುತ್ತದೆ. ಅವು ಬಾರದೆ ಹೋದರೆ ಅಲ್ಲಿ ಚಳಿ ಬೇಗ ಕರಗುತ್ತದೆ, ಗೋಧಿಗೆ ಕುತ್ತು. ಕಾಳು ಕಟ್ಟುವ ಹೊತ್ತಿಗೆ ಸೆಕೆ ಬಂದರೆ ಕಾಳು ಜೊಳ್ಳಾಗುತ್ತದೆ. 2022ರ ಮಾರ್ಚ್‌ನಲ್ಲಿ ಹಾಗೇ ಆಯಿತು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ‘ದಾಖಲೆಯ ಬಿಸಿ ಫೆಬ್ರವರಿ’ ಎಂಬ ಸುದ್ದಿ ದೆಹಲಿಯಲ್ಲಿ ಅಷ್ಟು ಗಾಬರಿ ಹುಟ್ಟಿಸುವುದು ಇದಕ್ಕೇ. ಈ ಅಲೆಗಳ ಗಾಳಿ ಬೀದರ್, ಕಲಬುರಗಿ ತನಕ ಕೆಲವೊಮ್ಮೆ ಇಳಿದು ಬರುತ್ತದೆ. ಮಲೆನಾಡಿಗೆ ಬರುವಷ್ಟರಲ್ಲಿ ಅದರ ಕಸುವು ಬಹುಪಾಲು ಮುಗಿದಿರುತ್ತದೆ.

ಕರಾವಳಿಯ ಕಥೆಯೇ ಬೇರೆ, ಮತ್ತು ನಮಗೆ ತುಂಬಾ ಹತ್ತಿರದ್ದು. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಘಾಟಿ ಇಳಿದರೆ ಸೋಮೇಶ್ವರ. ನಕಾಶೆಯಲ್ಲಿ ಬೆರಳಗಲದ ದೂರ. ಆದರೆ ಫೆಬ್ರವರಿಯಲ್ಲಿ ಮೇಲಿಂದ ಕೆಳಗೆ ಬಸ್ಸಿನಲ್ಲಿ ಇಳಿದವರಿಗೆ ಸ್ವೆಟರ್ ತೆಗೆಯಲು ಎಷ್ಟು ಹೊತ್ತು ಬೇಕು ಎಂದು ಗೊತ್ತು. ಈ ತಿಂಗಳಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದ, ಅಂದರೆ ನೆಲದ ಕಡೆಯಿಂದ ಬೀಸುತ್ತದೆ. ಬಯಲುಸೀಮೆ ದಾಟಿ, ಮಲೆನಾಡು ದಾಟಿ, ಘಟ್ಟದ ಅಂಚಿನಿಂದ ಕೆಳಗೆ ಜಾರುತ್ತದೆ. ಕೆಳಗೆ ಜಾರುವ ಒಣ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಲೆಕ್ಕ. ಆಗುಂಬೆಯ ಅಂಚಿನಲ್ಲಿ 30 ಡಿಗ್ರಿ ಇದ್ದ ಗಾಳಿ ಬುಡಕ್ಕೆ ಹೋಗುವಷ್ಟರಲ್ಲಿ 36 ಆದರೆ ಆಶ್ಚರ್ಯವಿಲ್ಲ. ಕಡಲ ಗಾಳಿ ಹೊತ್ತಿಗೆ ಸರಿಯಾಗಿ ಬಂದರೆ ಕರಾವಳಿ ಬಚಾವ್. ಪೂರ್ವದ ಗಾಳಿ ಜೋರಾಗಿದ್ದು ಕಡಲ ಗಾಳಿ ತಡವಾದ ದಿನ ಅಲ್ಲಿ ಸೆಕೆ ತಡೆಯಲಾಗದು. 2025ರ ಫೆಬ್ರವರಿ ಕೊನೆಯ ವಾರ, ಶಿವರಾತ್ರಿಯ ಆಸುಪಾಸಿನಲ್ಲೇ, ಕೊಂಕಣ ಮತ್ತು ಗೋವಾ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಡಬೇಕಾಯಿತು. ಕೆಳಗಿನವರ ಸೆಕೆಯಲ್ಲಿ ನಮ್ಮ ಗಾಳಿಯ ಪಾಲೂ ಇದೆ ಅಂತಾಯ್ತು, ಅಲ್ವಾ?

ಈಗ ಮಲೆನಾಡಿಗೆ ಬರೋಣ. ಇಲ್ಲಿ ಒಂದೇ ದಿನದಲ್ಲಿ ಎರಡು ಕಾಲ. ರಾತ್ರಿ ಆಕಾಶ ಶುಭ್ರ, ಗಾಳಿ ಸ್ತಬ್ಧ. ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣಗಾದ ಗಾಳಿ ಭಾರ, ಅದು ಇಳಿಜಾರು ಹಿಡಿದು ತಗ್ಗಿಗೆ ಹರಿಯುತ್ತದೆ. ಅದಕ್ಕೇ ಬೆಳಗಿನ ಜಾವ ಗುಡ್ಡದ ಮೇಲಿನ ಮನೆಯ ಅಂಗಳಕ್ಕಿಂತ ಕೆಳಗಿನ ತೋಟದಲ್ಲಿ ಚಳಿ ಜಾಸ್ತಿ. ಅಡಿಕೆ ಸೋಗೆಯಿಂದ ಇಬ್ಬನಿ ಟಪಟಪ ತೊಟ್ಟಿಕ್ಕುತ್ತಿರುತ್ತದೆ. ಹತ್ತು ಗಂಟೆಗೆ ಮಂಜು ಎದ್ದು ಹೋದ ಮೇಲೆ ಅದೇ ಜಾಗದಲ್ಲಿ ಅಂಗಿ ಬಿಚ್ಚಬೇಕು ಅನ್ನಿಸುವ ಬಿಸಿಲು. ಶಿವಮೊಗ್ಗ ಪೇಟೆಯಲ್ಲಿ ಫೆಬ್ರವರಿಯ ಸಾಮಾನ್ಯ ದಿನ ಎಂದರೆ ರಾತ್ರಿ ಸುಮಾರು 16, ಮಧ್ಯಾಹ್ನ ಸುಮಾರು 33. ದೆಹಲಿಯಲ್ಲಿ 10 ಮತ್ತು 24. ಮಂಗಳೂರಿನಲ್ಲಿ 22 ಮತ್ತು 33.

ಈ ಅಂಕಿಗಳನ್ನು ನೋಡಿ ‘ಮಂಗಳೂರೂ ಶಿವಮೊಗ್ಗವೂ ಹಗಲಲ್ಲಿ ಒಂದೇ’ ಅನ್ನಿಸಬಹುದು. ಒಂದು ಸಣ್ಣ ಲೆಕ್ಕ ಮಾಡಿದರೆ ಬೇರೆಯೇ ಚಿತ್ರ ಬರುತ್ತದೆ. ಬಿಸಿ ಗಾಳಿ ಹೆಚ್ಚು ನೀರಾವಿ ಹಿಡಿಯಬಲ್ಲದು. ಬೆಳಗಿನ ಜಾವ ಇಬ್ಬನಿ ಬಿದ್ದಿದೆ ಎಂದರೆ ಆ ಹೊತ್ತಿನ ಗಾಳಿಯಲ್ಲಿ ಹಿಡಿಯುವಷ್ಟೂ ಆವಿ ತುಂಬಿದೆ ಎಂದರ್ಥ. ಅದೇ ಗಾಳಿ 16ರಿಂದ 33 ಡಿಗ್ರಿಗೆ ಬಿಸಿಯಾದರೆ ಅದರ ತೇವ ನೂರರಿಂದ ಶೇಕಡಾ 36ಕ್ಕೆ ಬೀಳುತ್ತದೆ. ಮಂಗಳೂರಿನ ಗಾಳಿ 22ರಿಂದ 33ಕ್ಕೆ ಹೋದರೆ ಶೇಕಡಾ 52ರಷ್ಟು ತೇವ ಉಳಿಯುತ್ತದೆ, ಕಡಲ ಗಾಳಿ ಬಂದರೆ ಇನ್ನೂ ಜಾಸ್ತಿ. ದೆಹಲಿಯ ಗಾಳಿಯ ತೇವವೂ ಶೇಕಡಾ 41ಕ್ಕೆ ಇಳಿಯುತ್ತದೆ. ಆದರೆ ಅಲ್ಲಿನ ಗಾಳಿ ತಣ್ಣಗಿರುವುದರಿಂದ ಅದು ಹೀರಿಕೊಳ್ಳಬಹುದಾದ ನೀರೇ ಕಡಿಮೆ. ಗಾಳಿ ತುಂಬಿಕೊಳ್ಳಲು ಇನ್ನೂ ಎಷ್ಟು ಆವಿ ಬೇಕು ಎಂಬ ಕೊರತೆಯನ್ನು ಒತ್ತಡದ ಲೆಕ್ಕದಲ್ಲಿ ಹೇಳುವುದಾದರೆ ದೆಹಲಿಗೆ 17ರಿಂದ 18 ಹೆಕ್ಟೊಪ್ಯಾಸ್ಕಲ್, ಮಂಗಳೂರಿಗೆ 24, ಶಿವಮೊಗ್ಗಕ್ಕೆ 32. ಲೆಕ್ಕ ಒರಟು, ಆದರೆ ಅಂತರ ದೊಡ್ಡದು. ಮೂರು ಊರುಗಳಲ್ಲಿ ಮಧ್ಯಾಹ್ನ ಹೆಚ್ಚು ದಾಹ ಇರುವ ಗಾಳಿ ನಮ್ಮದು. ಇನ್ನು ಹಗಲಿನ ಬಿಸಿ ಎರಡೇ ಡಿಗ್ರಿ ಏರಿ 35 ಆದರೆ ಆ 32 ಎಂಬುದು 38 ಆಗುತ್ತದೆ. ಅಂದರೆ ಶೇಕಡಾ 18ರಷ್ಟು ಹೆಚ್ಚು ಎಳೆತ. ‘ಎರಡು ಡಿಗ್ರಿ ತಾನೇ’ ಎನ್ನುವಂತಿಲ್ಲ.

ಇದು ನೇರ ಹೋಗಿ ತಟ್ಟುವುದು ಅಡಿಕೆ ತೋಟಕ್ಕೆ. ಹನಿ ನೀರಾವರಿಯಲ್ಲಿ ಒಂದು ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು ಎನ್ನುವುದು ತೋಟಗಾರಿಕೆಯವರ ಸಾಮಾನ್ಯ ಲೆಕ್ಕ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ. ಅಂದರೆ ಎಕರೆಗೆ ದಿನಕ್ಕೆ ಹನ್ನೊಂದು ಸಾವಿರ ಲೀಟರ್ ತನಕ. ಗಾಳಿಯ ಎಳೆತ ಶೇಕಡಾ 18 ಏರಿತು ಎಂದು ಮರ ಅಷ್ಟೇ ಜಾಸ್ತಿ ಕುಡಿಯುತ್ತದೆ ಎಂದೇನಿಲ್ಲ, ಬಿಸಿ ಮಿತಿಮೀರಿದರೆ ಎಲೆ ತನ್ನ ಬಾಯಿ ಮುಚ್ಚಿಕೊಳ್ಳುತ್ತದೆ. ಆದರೆ ಅದಕ್ಕೂ ಬೆಲೆ ತೆರಬೇಕು. ಫೆಬ್ರವರಿ ಎಂದರೆ ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಬಿಚ್ಚುವ ಹೊತ್ತು. ಒಣ ಬಿಸಿಲಿನ ಈ ತಿಂಗಳುಗಳಲ್ಲೇ ಹಿಂಗಾರ ಒಣಗುವ ರೋಗ ತಲೆ ಎತ್ತುವುದು. ಎಳೆ ಮಿಡಿ ಉದುರಿದರೆ ಆ ವರ್ಷದ ಫಸಲು ಅಲ್ಲಿಗೇ ಅಷ್ಟು ಕಡಿಮೆ.

ಹಳೆಯ ಮಲೆನಾಡಿನ ತೋಟಕ್ಕೆ ಇಷ್ಟು ತಲೆನೋವು ಇರಲಿಲ್ಲ. ತೋಟ ಎಂದರೆ ಎರಡು ಗುಡ್ಡದ ನಡುವಿನ ಕಣಿವೆ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಬಸಿಗಾಲುವೆ. ಗುಡ್ಡ ಹಿಡಿದಿಟ್ಟ ನೀರು ಫೆಬ್ರವರಿ, ಮಾರ್ಚ್‌ನಲ್ಲೂ ಒಸರುತ್ತಿತ್ತು. ಅಲ್ಲಿ ನೀರು ಹಾಯಿಸುವುದಕ್ಕಿಂತ ನೀರು ಬಸಿಯುವಂತೆ ಮಾಡುವುದೇ ದೊಡ್ಡ ಕೆಲಸ. ಈಗ ಅಡಿಕೆ ಗದ್ದೆಗೆ ಇಳಿದಿದೆ, ಗುಡ್ಡಕ್ಕೂ ಹತ್ತಿದೆ. ಗುಡ್ಡದ ಮೇಲಿನ ತೋಟಕ್ಕೆ ಒರತೆ ಎಲ್ಲಿಂದ ಬರಬೇಕು? ಬೋರ್‌ವೆಲ್ಲೇ ಗತಿ, ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೆ ಕಾಯುವುದೇ ಗತಿ. ಫೆಬ್ರವರಿ ಬದಲಾಗಿದೆ ಎಂದು ನಾವು ದೂರುವಾಗ ಅರ್ಧದಷ್ಟು ಬದಲಾದದ್ದು ನಮ್ಮ ತೋಟದ ಜಾಗ. ಹವೆಯ ಮೇಲೆ ಎಲ್ಲ ಹೊರೆ ಹಾಕುವುದು ಸರಿಯಲ್ಲ.

ಬಿಸಿಲಿನ ಇನ್ನೊಂದು ಕೆಲಸ ಹೇಳಬೇಕು, ಇದು ಡಿಗ್ರಿಯ ಲೆಕ್ಕಕ್ಕೆ ಸಿಗುವುದೇ ಇಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮಧ್ಯಾಹ್ನ ಮೂರರ ಓರೆ ಬಿಸಿಲು ತೋಟದ ನೈಋತ್ಯ ಅಂಚಿನ ಮರಗಳ ಕಾಂಡಕ್ಕೆ ನೇರ ಹೊಡೆಯುತ್ತದೆ. ಮೊದಲು ಕಾಂಡದ ಆ ಮಗ್ಗುಲು ಹೊಂಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕಂದು, ಆಮೇಲೆ ಬಿರುಕು. ಮರ ನಿಂತೇ ಇರುತ್ತದೆ, ಕಾಯಿಯೂ ಬಿಡುತ್ತದೆ. ಮುಂದೊಂದು ಮಳೆಗಾಲದ ಗಾಳಿಗೆ ಸರಿಯಾಗಿ ಅಲ್ಲೇ ಮುರಿದು ಬೀಳುತ್ತದೆ. ಆಗ ಬೈಗುಳ ತಿನ್ನುವುದು ಗಾಳಿ. ನಿಜವಾದ ಪೆಟ್ಟು ಬಿದ್ದದ್ದು ಚಳಿಗಾಲದಲ್ಲಿ, ಹಿತವಾಗಿದೆ ಎನಿಸುವ ಬಿಸಿಲಿನಲ್ಲಿ. ಅಂಚಿನ ಮರಗಳ ಕಾಂಡಕ್ಕೆ ಸೋಗೆ ಕಟ್ಟುವುದು, ಸುಣ್ಣ ಬಳಿಯುವುದು, ಆ ಬದಿಗೆ ನೆರಳಿನ ಮರ ಬೆಳೆಸುವುದು ಎಲ್ಲ ಈ ಕಾರಣಕ್ಕೇ. ಏಪ್ರಿಲ್‌ನಲ್ಲಿ ಸೂರ್ಯ ನೆತ್ತಿಗೆ ಬಂದಾಗ ಮರದ ಚಂಡೆಯೇ, ಅಂದರೆ ತುದಿಯ ಸೋಗೆಗಳ ಗುಂಪೇ, ಕಾಂಡಕ್ಕೆ ನೆರಳು ಕೊಡುತ್ತದೆ. ಹಾಗಾಗಿ ಬಿಸಿ ಹೆಚ್ಚಿರುವ ತಿಂಗಳಿಗಿಂತ ಬಿಸಿ ಕಡಿಮೆ ಇರುವ ತಿಂಗಳೇ ಕಾಂಡಕ್ಕೆ ಅಪಾಯ.

ಪಸೆ ಹೋಗುವುದೆಲ್ಲ ಕೆಟ್ಟದ್ದು ಎಂದೂ ತಿಳಿಯಬೇಡಿ. ಕಾಫಿಯನ್ನು ನೋಡಿ. ಚಿಕ್ಕಮಗಳೂರಿನ ರೊಬಸ್ಟಾ ಗಿಡದ ಮೊಗ್ಗು ಬಲಿಯಲು ಒಣ ಹವೆ ಬೇಕೇ ಬೇಕು. ಒಣಗಿ ಕಾದ ಗಿಡಕ್ಕೆ ಫೆಬ್ರವರಿ ಕೊನೆಗೋ ಮಾರ್ಚ್‌ಗೋ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಒಂದು ವಾರ ಹತ್ತು ದಿನದಲ್ಲಿ ತೋಟವಿಡೀ ಬೆಳ್ಳಗಾಗುತ್ತದೆ. ಮಳೆ ಅರೆಬರೆ ಬಿದ್ದರೆ ಹೂವೂ ಅರೆಬರೆ. ಜನವರಿಯಲ್ಲೇ ಸುರಿದರೆ ಇನ್ನೊಂದು ತಾಪತ್ರಯ: ಒಂದು ಕಡೆ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಗಿಡದಲ್ಲಿ ಹಣ್ಣು ಇನ್ನೂ ಇರುತ್ತದೆ, ಅದರ ಜೊತೆಗೇ ಹೂವೂ ಅರಳಿ ಕೂರುತ್ತದೆ. ಸ್ಪ್ರಿಂಕ್ಲರ್ ಇದ್ದವರು ತಾವೇ ಮಳೆ ಸುರಿಸಿಕೊಳ್ಳುತ್ತಾರೆ, ಇಲ್ಲದವರು ಮೋಡ ನೋಡುತ್ತಾರೆ. ಸಾಗರ, ರಿಪ್ಪನ್‌ಪೇಟೆ ಕಡೆಯ ಅಪ್ಪೆಮಿಡಿ ಮಾವಿಗೂ ಇಂಥದ್ದೇ ಹಟ. ಹೂವಿನ ಹೊತ್ತಿಗೆ ಮೋಡ ಕಟ್ಟಿ ಮಂಜು ಹೆಚ್ಚಾದರೆ ಜಿಗಿಹುಳು, ಬೂದಿರೋಗ. ಮಿಡಿಯ ಉಪ್ಪಿನಕಾಯಿ ಬೆಲೆ ಏರಿದ ವರ್ಷ ಕಾರಣವನ್ನು ಫೆಬ್ರವರಿಯ ಆಕಾಶದಲ್ಲಿ ಹುಡುಕಬೇಕು.

ಇನ್ನು ಕಾಡಿನ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ನಮ್ಮ ಚಳಿಗಾಲದ ಕೊನೆಯ ಜೊತೆ ಗಂಟು ಹಾಕಿಕೊಂಡಿದೆ. ರೋಗ ಹರಡುವ ಉಣುಗು ಮಳೆಗಾಲ ಮುಗಿದ ಮೇಲೆ ಮರಿಯಾಗಿ, ಡಿಸೆಂಬರಿನಿಂದ ಮೇವರೆಗೆ ಎಳೆಯ ಹಂತದಲ್ಲಿರುತ್ತದೆ. ಸಾಸಿವೆ ಕಾಳಿಗಿಂತ ಸಣ್ಣದು, ಕಚ್ಚಿದರೂ ತಿಳಿಯುವುದಿಲ್ಲ. ಸರಿಯಾಗಿ ಅದೇ ತಿಂಗಳುಗಳಲ್ಲಿ ಎಲೆ ಉದುರುತ್ತದೆ, ಜನ ದರಗು ಗುಡಿಸಿ ತರಲು ಕಾಡಿಗೆ ಹೋಗುತ್ತಾರೆ. ಕೊಟ್ಟಿಗೆಗೆ, ತೋಟಕ್ಕೆ ದರಗು ಬೇಕಲ್ಲ. ಉಣುಗಿನ ಕಾಲ, ದರಗಿನ ಕಾಲ ಎರಡೂ ಒಂದೇ ಆಗಿರುವುದೇ ಕಷ್ಟ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಇದು ಜೀವಗಳನ್ನೇ ತೆಗೆದುಕೊಂಡಿತು. ಕಾಡಿಗೆ ಹೋಗುವ ಮುಂಚೆ ಉಣುಗನ್ನು ದೂರ ಇಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಬಿಸಿನೀರಲ್ಲಿ ಒಗೆಯಿರಿ, ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ ಎಂಬ ಸೂಚನೆಗಳು ಬರುವುದು ಈ ತಿಂಗಳುಗಳಲ್ಲೇ. ದೆಹಲಿಯಲ್ಲಿ ಚಳಿ ಮುಗಿದರೆ ಕೆಮ್ಮು ನೆಗಡಿ ಕಡಿಮೆಯಾಯಿತು ಎಂದು ಜನ ನಿಟ್ಟುಸಿರು ಬಿಡುತ್ತಾರೆ. ಇಲ್ಲಿ ಆರೋಗ್ಯ ಇಲಾಖೆಗೆ ನಿದ್ದೆಗೆಡುವ ಕಾಲ.

ಮಲೆನಾಡಿನ ಒಳಗೂ ಎಲ್ಲ ಒಂದೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ, ಶಿವಮೊಗ್ಗ ಪೇಟೆಯಲ್ಲಿ ಸುಮಾರು ಒಂದು ಸಾವಿರದ ಆಸುಪಾಸು. ಆಗುಂಬೆಯ ನಿತ್ಯಹಸಿರು ಕಾಡಿನ ನೆಲ ಫೆಬ್ರವರಿಯಲ್ಲೂ ತಂಪು. ಶೆಟ್ಟಿಹಳ್ಳಿ, ಭದ್ರಾ ಕಡೆಯ ಎಲೆ ಉದುರುವ ಕಾಡಿನಲ್ಲಿ ಕಾಲಿಟ್ಟರೆ ಹಪ್ಪಳದ ಸದ್ದು. ಬೆಂಕಿ ರೇಖೆ ಮಾಡುವ ಕೆಲಸ ಅಲ್ಲಿ ಮೊದಲು ಶುರುವಾಗುತ್ತದೆ. ಆದರೆ ಏಳು ಸಾವಿರ ಮಿ.ಮೀ. ಸುರಿಯುವ ಊರುಗಳ ಸುತ್ತಲೂ ಬೇಸಿಗೆಯಲ್ಲಿ ಬಾವಿ ಬತ್ತುವುದುಂಟು. ಶರಾವತಿ ಹಿನ್ನೀರಿನ ದಡದ ಹಳ್ಳಿಗಳಿಗೂ ಕುಡಿಯುವ ನೀರಿನ ತೊಂದರೆ ತಪ್ಪಿಲ್ಲ. ಇಳಿಜಾರಿನಲ್ಲಿ ಬಿದ್ದ ನೀರು ನಿಲ್ಲದೆ ಹೊಳೆಗೆ, ಅಲ್ಲಿಂದ ಕಡಲಿಗೋ ಅಣೆಕಟ್ಟಿಗೋ ಹೋಗಿಬಿಡುತ್ತದೆ.

ಅದಕ್ಕೇ ನಮ್ಮ ಫೆಬ್ರವರಿ ಹೇಗಿರುತ್ತದೆ ಎಂಬುದು ಹಿಂದಿನ ಜೂನ್, ಜುಲೈ, ಅಕ್ಟೋಬರ್‌ಗಳಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತು, ಅದರಲ್ಲಿ ಮಲೆನಾಡಿನವೂ ಇದ್ದವು. ಮರುವರ್ಷದ ಫೆಬ್ರವರಿ ಹಗಲಿನ ಬಿಸಿಲಿನಲ್ಲಿ ದೇಶದ ದಾಖಲೆಯನ್ನೇನೂ ಮುರಿಯಲಿಲ್ಲ. ಆದರೆ ಆ ಬೇಸಿಗೆಯ ನೀರಿನ ಕಷ್ಟ ಯಾರಿಗೆ ಮರೆತಿದೆ? 2023 ಮತ್ತು 2025ರ ದಾಖಲೆಯ ಫೆಬ್ರವರಿಗಳನ್ನು ದೊಡ್ಡ ಅಕ್ಷರದಲ್ಲಿ ಬರೆದೆವು, 2024ರದ್ದನ್ನು ಬರೆಯಲಿಲ್ಲ. ಡಿಗ್ರಿಯೊಂದನ್ನೇ ನೋಡಿದರೆ ಆಗುವ ಎಡವಟ್ಟು ಇದು.

ಎಚ್ಚರಿಕೆ ಕೊಡುವ ವ್ಯವಸ್ಥೆಯಲ್ಲೂ ಇದೇ ತೊಡಕಿದೆ. ಬಿಸಿಗಾಳಿ ಎಂದು ಸಾರಲು ಬಯಲಿನಲ್ಲಿ ಕನಿಷ್ಠ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಆಗಬೇಕು, ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇರಬೇಕು. ಮನುಷ್ಯರ ಮೈಗೆ ಇದು ಸರಿಯಾದ ಅಳತೆಯೇ ಇರಬಹುದು. ಆದರೆ ಬಯಲಿನ ಲೆಕ್ಕಕ್ಕೆ ಬರುವ ಒಳನಾಡಿನ ಊರಿಗೆ ಫೆಬ್ರವರಿಯಲ್ಲಿ 40 ಆಗುವುದು ಯಾವ ಕಾಲಕ್ಕೆ? 35, 36ರಲ್ಲೇ ಹಿಂಗಾರ ಒಣಗುತ್ತದೆ, ಕಾಡು ಹೊತ್ತಿಕೊಳ್ಳುತ್ತದೆ. ಅದಕ್ಕೆ ಯಾವ ಬಣ್ಣದ ಅಲರ್ಟೂ ಬರುವುದಿಲ್ಲ.

ಫೋನಿನ ಆ್ಯಪ್ ನಂಬಿಕೊಂಡು ಕೂತವರಿಗೂ ಒಂದು ಮಾತು. ಅದರಲ್ಲಿ ನಿಮ್ಮ ಊರಿನ ಹೆಸರಿನ ಎದುರು ಕಾಣುವ ಅಂಕಿ ಸಾಮಾನ್ಯವಾಗಿ ನಿಮ್ಮ ಊರಿನಲ್ಲಿ ಅಳೆದದ್ದಲ್ಲ. ಹಲವು ಕಿಲೋಮೀಟರ್ ಅಗಲದ ಚೌಕಕ್ಕೆ ಕಂಪ್ಯೂಟರ್ ಹಾಕಿದ ಸರಾಸರಿ. ಬಯಲುಸೀಮೆಯಲ್ಲಿ ಅದು ನಡೆಯುತ್ತದೆ. ಘಟ್ಟದ ಅಂಚಿನಲ್ಲಿ ಒಂದೇ ಚೌಕದೊಳಗೆ ಅರ್ಧ ಕಿಲೋಮೀಟರ್ ಆಳದ ಕಂದಕವೇ ಇರುವಾಗ ಆ ಸರಾಸರಿ ಮೇಲಿನವರಿಗೂ ಸಲ್ಲ, ಕೆಳಗಿನವರಿಗೂ ಸಲ್ಲ. ಅದಕ್ಕಿಂತ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ ವಾಸಿ. ಅವರು ಹೋಬಳಿಗೊಂದು ಹವಾಮಾನ ಘಟಕ, ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ ಇಟ್ಟಿದ್ದಾರೆ. ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಸುಮ್ನೆ ಊರಿನ ಹೆಸರು ಹೇಳಿದರೆ ಸಾಕು.

ನಮ್ಮ ಕಡೆ ಮಳೆಗಾಲದಲ್ಲಿ ಮನೆಮನೆಯಲ್ಲೂ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುವವರಿದ್ದಾರೆ. ‘ನಿಮ್ಮಲ್ಲಿ ಎಷ್ಟಾಯ್ತು?’ ಎಂದು ವಾಟ್ಸಾಪ್‌ನಲ್ಲಿ ಪೈಪೋಟಿಯೇ ನಡೆಯುತ್ತದೆ. ಅಕ್ಟೋಬರ್ ಮುಗಿದ ಮೇಲೆ ಆ ಪುಸ್ತಕ ಅಟ್ಟ ಸೇರುತ್ತದೆ. ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಜನವರಿಯಿಂದ ವಾರಕ್ಕೊಮ್ಮೆ ಬಾವಿಯ ನೀರಿನ ಮಟ್ಟ, ಇಬ್ಬನಿ ನಿಂತ ದಿನ, ಹಳ್ಳದ ಹರಿವು ನಿಂತ ದಿನ, ಮೊದಲ ಹಿಂಗಾರ ಬಿಚ್ಚಿದ ದಿನ ಬರೆದರೆ ನಾಲ್ಕೈದು ವರ್ಷದಲ್ಲಿ ಯಾವ ಆ್ಯಪ್‌ನಲ್ಲೂ ಸಿಗದ ಲೆಕ್ಕ ಕೈಗೆ ಬರುತ್ತದೆ. ಬಾವಿ ಅಳೆಯಲು ಉಪಕರಣವೇನೂ ಬೇಡ. ಹಗ್ಗಕ್ಕೆ ಒಂದೊಂದು ಅಡಿಗೆ ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟರಾಯಿತು. ಪಂಪು ಹಾಕುವ ಮುಂಚೆ, ಬೆಳಗ್ಗೆ ಅಳೆಯಬೇಕು. ಪಂಪು ನಿಲ್ಲಿಸಿದ ಕೂಡಲೇ ಅಳೆದರೆ ಲೆಕ್ಕ ತಪ್ಪುತ್ತದೆ.